ಎರಡು ಕಡೆಯ ಲೆಕ್ಕ

ಗಂಡು ಹೆಣ್ಣುಗಳನ್ನು ಕೂಡಿಸುವ ಕೆಲಸ ಬಹಳ ಹಳೆಯದು. ಆದರೆ ಆ ಕೆಲಸಕ್ಕೆ ಯಂತ್ರದ ನೆರವು ಪಡೆಯಲು ತೊಡಗಿಯೂ ಅರುವತ್ತು ವರ್ಷಗಳಾದವೆಂಬ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1964ರಲ್ಲಿ ಲಂಡನ್ನಿನಲ್ಲಿ ಜೋನ್ ಬಾಲ್ ಎಂಬ ಮಹಿಳೆ ಕಂಪ್ಯೂಟರಿನ ಸಹಾಯದಿಂದ ಜೋಡಿಗಳನ್ನು ಹೊಂದಿಸುವ ಸಂಸ್ಥೆಯೊಂದನ್ನು ಆರಂಭಿಸಿದರು. ಮರುವರ್ಷ, ಅಂದರೆ 1965ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಆಪರೇಷನ್ ಮ್ಯಾಚ್' ಎಂಬ ಹೆಸರಿನಲ್ಲಿ ಇಂಥದೇ ಪ್ರಯೋಗವನ್ನು ಕೈಗೊಂಡರು. ಮೂರು ಡಾಲರು ಶುಲ್ಕವನ್ನೂ ಪ್ರಶ್ನಾವಳಿಯನ್ನೂ ಅಂಚೆಯಲ್ಲಿ ಕಳುಹಿಸಿದರೆ, ಉತ್ತರಗಳನ್ನು ತೂತು ಕೊರೆದ ಕಾರ್ಡುಗಳಿಗೆ ಇಳಿಸಿ, ಯಂತ್ರಕ್ಕೆ ಉಣಿಸಿ, ಹೊಂದಿಕೆಯಾಗಬಹುದಾದವರ ಹೆಸರುಗಳ ಪಟ್ಟಿಯನ್ನು ಮನೆಗೆ ಕಳುಹಿಸುತ್ತಿದ್ದರು.

ಈ ವಿಷಯವನ್ನು ಕುರಿತು ಬರೆಯಲು ಕಾರಣವಿದೆ. ನನ್ನ ಬಳಿ ಗಣಿತ ಕಲಿತ ನಿಮ್ಮಲ್ಲಿ ಅನೇಕರು ಈಗ ಮದುವೆಯ ವಯಸ್ಸಿನ ಮಕ್ಕಳ ತಂದೆತಾಯಿಗಳಾಗಿದ್ದೀರಿ. "ಮೇಷ್ಟ್ರೇ, ಹುಡುಗರು ಫೋನಿನಲ್ಲೇ ಸಂಗಾತಿಯನ್ನು ಹುಡುಕಿಕೊಳ್ಳುತ್ತಾರಂತೆ. ಇದು ಸರಿಯೇ?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಸರಿ ತಪ್ಪುಗಳ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಎಂಬತ್ತು ದಾಟಿದ ನಾನು ಎಲ್ಲದರಲ್ಲಿಯೂ ಲೆಕ್ಕವನ್ನು ಹುಡುಕುವ ಹಳೆಯ ಚಾಳಿಯವನು. ಈ ವ್ಯವಹಾರದಲ್ಲಿ ನನಗೊಂದು ಸೊಗಸಾದ ಲೆಕ್ಕ ಸಿಕ್ಕಿತು. ಅದನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಅಂತರಜಾಲ ಬಂದ ಮೇಲೆ ಈ ಕೆಲಸ ದೊಡ್ಡ ವ್ಯಾಪಾರವಾಯಿತು. ಮ್ಯಾಚ್ ಡಾಟ್ ಕಾಮ್ ಎಂಬ ತಾಣ 1995ರಲ್ಲಿ ತೆರೆಯಿತು. 2000ದಲ್ಲಿ ಇಹಾರ್ಮನಿ ಎಂಬುದು ಮನಶ್ಶಾಸ್ತ್ರದ ಹೆಸರು ಹೇಳಿಕೊಂಡು ಬಂದಿತು. ಇವು ಚಂದಾ ಕಟ್ಟಿಸಿಕೊಂಡು ನಡೆಯುವ ಸಂಸ್ಥೆಗಳು. ಪ್ರಶ್ನೆಗಳನ್ನು ರೂಪಿಸುವವರೂ ಅವರೇ, ಜೋಡಿಗಳನ್ನು ಆಯ್ಕೆ ಮಾಡುವವರೂ ಅವರೇ. ಇವರಿಗೆ ಎದುರಾಗಿ 2004ರಲ್ಲಿ ನಾಲ್ವರು ತರುಣರು ಓಕೆಕ್ಯುಪಿಡ್ ಎಂಬ ಪುಟ್ಟ ತಾಣವನ್ನು ಕಟ್ಟಿದರು. ಕ್ಯುಪಿಡ್ ಎಂದರೆ ರೋಮನ್ನರ ಮನ್ಮಥ. ಕ್ರಿಸ್ ಕೋಯ್ನ್, ಸ್ಯಾಮ್ ಯೇಗನ್, ಮ್ಯಾಕ್ಸ್ ಕ್ರೋನ್, ಕ್ರಿಶ್ಚಿಯನ್ ರಡರ್ ಎಂಬ ಈ ನಾಲ್ವರೂ ಹಾರ್ವರ್ಡಿನಲ್ಲಿ ಓದಿದವರು, ಗಣಿತದ ಒಲವುಳ್ಳವರು. ಇದಕ್ಕೆ ಮೊದಲು ಇವರ ಬಳಗ ಸ್ಪಾರ್ಕ್‌ನೋಟ್ಸ್ ಎಂಬ ಹೆಸರಿನಲ್ಲಿ ಸಾಹಿತ್ಯ ಕೃತಿಗಳಿಗೆ ಸಾರಾಂಶ ಬರೆದು ವಿದ್ಯಾರ್ಥಿಗಳಿಗೆ ಒದಗಿಸುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗೈಡು ಬರೆದವರು! ತರಗತಿಯಲ್ಲಿ ಗೈಡು ಕಂಡರೆ ಕಿತ್ತುಕೊಂಡು ಮೇಜಿನ ಖಾನೆಗೆ ಸೇರಿಸುತ್ತಿದ್ದ ನಾನು ಇಂದು ಗೈಡು ಬರೆದವರನ್ನೇ ಹೊಗಳಲು ಹೊರಟಿದ್ದೇನೆಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ.

ಆ ತಾಣದಲ್ಲಿ ಮೂರು ವಿಶೇಷಗಳಿದ್ದವು. ಮೊದಲನೆಯದು, ಸೇರಲು, ಹುಡುಕಲು, ಪತ್ರ ಬರೆಯಲು ಕಾಸು ಕೊಡಬೇಕಾಗಿರಲಿಲ್ಲ. ಜಾಹೀರಾತಿನಿಂದ ಖರ್ಚು ತೂಗಿಸುತ್ತಿದ್ದರು. ಎರಡನೆಯದು, ಪ್ರಶ್ನೆಗಳಲ್ಲಿ ಬಹುಪಾಲನ್ನು ಬರೆದವರು ಪಂಡಿತರಲ್ಲ, ಅಲ್ಲಿಗೆ ಸಂಗಾತಿಯನ್ನು ಅರಸಿ ಬಂದ ಸಾಮಾನ್ಯರು. ತಮಗೆ ಯಾವುದು ಮುಖ್ಯವೋ ಅದನ್ನು ಅವರವರೇ ಪ್ರಶ್ನೆಯ ರೂಪದಲ್ಲಿ ಬರೆದು ಸೇರಿಸುತ್ತಿದ್ದರು. ಹೀಗೆ ದೇವರ ನಂಬಿಕೆಯಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಸಾವಿರಾರು ಪ್ರಶ್ನೆಗಳು ಜಮೆಯಾದವು. ಮೂರನೆಯದು ಆ ಉತ್ತರಗಳಿಂದ ಹೊಂದಾಣಿಕೆಯನ್ನು ಕಂಡುಹಿಡಿಯುವ ಸೂತ್ರ. ಸೂತ್ರವನ್ನು ಅವರು ಗುಟ್ಟಾಗಿ ಇಡಲಿಲ್ಲ. ಯಾರು ಬೇಕಾದರೂ ಓದಿ, ಕಾಗದದ ಮೇಲೆ ಮಾಡಿ ನೋಡುವಂತೆ ಬಹಿರಂಗವಾಗಿ ವಿವರಿಸಿದರು.

ಆ ಸೂತ್ರ ಹೀಗಿತ್ತು. ಪ್ರತಿಯೊಂದು ಪ್ರಶ್ನೆಗೂ ಮೂರು ವಿಷಯಗಳನ್ನು ತಿಳಿಸಬೇಕು: ನನ್ನ ಉತ್ತರವೇನು, ನನ್ನ ಸಂಗಾತಿಯಿಂದ ನಾನು ಒಪ್ಪುವ ಉತ್ತರ ಯಾವುದು, ಈ ಪ್ರಶ್ನೆ ನನಗೆ ಎಷ್ಟು ಮುಖ್ಯ. ಲೆಕ್ಕಕ್ಕೇ ಬಾರದಿದ್ದರೆ 0, ಅಲ್ಪ ಮುಖ್ಯವಾದರೆ 1, ಸ್ವಲ್ಪ ಹೆಚ್ಚಾದರೆ 10, ಬಹಳ ಮುಖ್ಯವಾದರೆ 50, ಇಲ್ಲದೆ ಆಗುವುದೇ ಇಲ್ಲ ಎನ್ನುವುದಾದರೆ 250 ಅಂಕಗಳ ತೂಕ.

ಒಂದು ಉದಾಹರಣೆಯನ್ನು ನಾನೇ ಕಟ್ಟುತ್ತೇನೆ. ಎರಡೇ ಪ್ರಶ್ನೆಗಳಿವೆಯೆನ್ನಿ. ಮದುವೆಯ ನಂತರವೂ ಹೆಂಡತಿ ಉದ್ಯೋಗದಲ್ಲಿ ಇರಬಹುದೇ ಎಂಬುದು ಮೊದಲನೆಯದು. ಸಂಗೀತ ಇಷ್ಟವೇ ಎಂಬುದು ಎರಡನೆಯದು. ಹುಡುಗಿ ಮೊದಲನೆಯದಕ್ಕೆ 250, ಎರಡನೆಯದಕ್ಕೆ 10 ತೂಕ ಕೊಟ್ಟಿದ್ದಾಳೆ. ಹುಡುಗನಿಗೆ ಸಂಗೀತ ಇಷ್ಟ, ಆದರೆ ಹೆಂಡತಿ ಕೆಲಸಕ್ಕೆ ಹೋಗುವುದು ಒಪ್ಪಿಗೆಯಿಲ್ಲ. ಹುಡುಗಿಯ ದೃಷ್ಟಿಯಿಂದ ಅವನಿಗೆ ದೊರೆತದ್ದು 260ಕ್ಕೆ 10, ಅಂದರೆ ಶೇಕಡಾ 4ರಷ್ಟು. ಹುಡುಗನಾದರೋ ಸಂಗೀತಕ್ಕೆ ಮಾತ್ರ 50 ಅಂಕಗಳ ತೂಕ ಕೊಟ್ಟು, ಉದ್ಯೋಗದ ಪ್ರಶ್ನೆಯನ್ನು 'ಲೆಕ್ಕಕ್ಕಿಲ್ಲ' ಎಂದು ಬಿಟ್ಟಿದ್ದಾನೆ. ಅವಳಿಗೂ ಸಂಗೀತ ಇಷ್ಟ. ಅವನ ದೃಷ್ಟಿಯಿಂದ ಅವಳಿಗೆ 50ಕ್ಕೆ 50, ಅಂದರೆ ಶೇಕಡಾ 100.

ಈಗ ಈ ಎರಡನ್ನೂ ಸೇರಿಸಿ ಒಂದು ಸಂಖ್ಯೆ ಮಾಡುವುದು ಹೇಗೆ? ಹತ್ತನೆಯ ತರಗತಿಯಲ್ಲಿ ನೀವು ಕಲಿತ ಸಮಾಂತರ ಮಾಧ್ಯವನ್ನೂ ಗುಣೋತ್ತರ ಮಾಧ್ಯವನ್ನೂ ಸ್ಮರಿಸಿಕೊಳ್ಳಿ. ಕೂಡಿಸಿ ಎರಡರಿಂದ ಭಾಗಿಸಿದರೆ 52. ಪಾಸು! ಗುಣಿಸಿ ವರ್ಗಮೂಲ ತೆಗೆದರೆ 20. ನಮ್ಮ ಮೂವತ್ತೈದರ ಗೆರೆಯನ್ನು ಮುಟ್ಟದ ಫೇಲು. ಆ ತರುಣರು ಆರಿಸಿಕೊಂಡದ್ದು ಗುಣೋತ್ತರ ಮಾಧ್ಯವನ್ನು. ಸಾಲದೆಂಬಂತೆ, ಇಬ್ಬರೂ ಉತ್ತರಿಸಿದ ಪ್ರಶ್ನೆಗಳು ಕಡಿಮೆಯಿದ್ದಷ್ಟೂ ಬಂದ ಫಲಿತಾಂಶದಿಂದ ಇನ್ನಷ್ಟು ಅಂಕಗಳನ್ನು ಕಳೆಯುತ್ತಿದ್ದರು.

"ಇದನ್ನು ಕಲಿತು ಏನು ಪ್ರಯೋಜನ ಸರ್?" ಎಂದು ಹಿಂದಿನ ಬೆಂಚಿನಿಂದ ಪ್ರತಿವರ್ಷವೂ ಒಬ್ಬ ಕೇಳುತ್ತಿದ್ದ. ಅವನಿಗೆ ಈಗ ಉತ್ತರ ಹೇಳಬಲ್ಲೆ. ಕೂಡುವ ಲೆಕ್ಕದಲ್ಲಿ ಒಬ್ಬರ ಸಂತೋಷ ಇನ್ನೊಬ್ಬರ ಅಸಮಾಧಾನವನ್ನು ಮುಚ್ಚಿಹಾಕುತ್ತದೆ. ಗುಣಿಸುವ ಲೆಕ್ಕದಲ್ಲಿ ಅದು ಸಾಧ್ಯವಿಲ್ಲ. ಒಂದು ಕಡೆ ಸೊನ್ನೆಯಿದ್ದರೆ ಇನ್ನೊಂದು ಕಡೆ ನೂರಿದ್ದರೂ ಒಟ್ಟು ಸೊನ್ನೆಯೇ. ದಾಂಪತ್ಯದ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ಲೆಕ್ಕ ನನಗೆ ಕಂಡಿಲ್ಲ.

ನಮ್ಮ ಹಿರಿಯರ ಬಳಿ ಲೆಕ್ಕವಿರಲಿಲ್ಲವೇ? ಇತ್ತು. ಜಾತಕ ಕೂಡಿಸುವಾಗ ಎಂಟು ಕೂಟಗಳನ್ನು ನೋಡುತ್ತಾರೆ: ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8. ಒಂದರಿಂದ ಎಂಟರವರೆಗೆ ಕೂಡಿದರೆ 36. ಅದರಲ್ಲಿ 18 ಬಂದರೆ ಸಾಕೆನ್ನುತ್ತಾರೆ. ಪ್ರಶ್ನೆಗಳಿಗೆ ತೂಕ ಕಟ್ಟುವ ಯೋಚನೆ ನಮ್ಮಲ್ಲಿಯೂ ಇತ್ತೆಂದು ಹೆಮ್ಮೆಪಡಬಹುದು. ಆದರೆ ವ್ಯತ್ಯಾಸವನ್ನು ಗಮನಿಸಿ. ಇಲ್ಲಿ ತೂಕವನ್ನು ನಿಗದಿ ಮಾಡಿದ್ದು ಶಾಸ್ತ್ರ. ಅಲ್ಲಿ ನಿಗದಿ ಮಾಡುವವರು ಬಾಳಬೇಕಾದವರೇ. ಇಲ್ಲಿ ಹುಡುಗಿಯ ಜನ್ಮನಕ್ಷತ್ರ ತಿಳಿದರೆ ಸಾಕು, ಹುಡುಗಿಯನ್ನು ಕೇಳುವ ಅಗತ್ಯವಿಲ್ಲ.

ನನ್ನ ಅಕ್ಕನ ಮೊಮ್ಮಗಳೊಬ್ಬಳು ಬಾಸ್ಟನ್ನಿನಲ್ಲಿ ಉದ್ಯೋಗದಲ್ಲಿದ್ದಾಗ ಓಕೆಕ್ಯುಪಿಡ್ ಸೇರಿದ್ದಳು. 2010ರಲ್ಲಿ ರಜೆಗೆ ಊರಿಗೆ ಬಂದವಳು ನನ್ನೆದುರು ಕುಳಿತು ಈ ಸೂತ್ರವನ್ನೆಲ್ಲ ವಿವರಿಸಿದಳು. "ಮೇಷ್ಟ್ರು ತಾತ, ನಿಮಗೆ ಇದು ಇಷ್ಟವಾಗುತ್ತೆ ಅಂತ ಗೊತ್ತಿತ್ತು" ಎಂದಳು. ಇಷ್ಟವಾಯಿತು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಮೂರು ಲೆಕ್ಕಗಳನ್ನು ಮಾಡಿ ನೋಡಿದೆ. ಒಳಗಿನ ಬಾಗಿಲಿಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅಕ್ಕನ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎಲ್.ಎಸ್. ಪರೀಕ್ಷೆಯಲ್ಲಿ ನಮ್ಮ ಶಾಲೆಗೇ ಅವಳು ಮೊದಲಿಗಳು. ನನಗೆ ಭಿನ್ನರಾಶಿಯನ್ನು ಹೇಳಿಕೊಟ್ಟವಳು ಅವಳೇ. ಹಾಸನದ ಹೈಸ್ಕೂಲಿಗೆ ಸೇರಬೇಕೆಂಬುದೊಂದೇ ಅವಳ ಆಸೆ. 1957ರಲ್ಲಿ, ಅವಳ ಹದಿನೇಳನೆಯ ವಯಸ್ಸಿನಲ್ಲಿ, ಕಡೂರಿನ ಕಡೆಯಿಂದ ಸಂಬಂಧ ಬಂದಿತು. ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹಾಡು ಬರುತ್ತದೆಯೇ, ಹಸು ಕರೆಯಲು ಬರುತ್ತದೆಯೇ, ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳುತ್ತಾಳೆಯೇ ಎಂದು ಕೇಳಿದರು. ಪ್ರಶ್ನೆಗಳು ಅವಳನ್ನು ಕುರಿತಾಗಿದ್ದವು, ಉತ್ತರಗಳನ್ನು ಕೊಟ್ಟವರು ನಮ್ಮ ತಂದೆ. ಜಾತಕದಲ್ಲಿ ಇಪ್ಪತ್ತಾರು ಗುಣ ಕೂಡಿತ್ತು. ಆ ಸಂಖ್ಯೆಯನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಹೇಳಿಕೊಂಡು ಸಂತೋಷಪಡುತ್ತಿದ್ದರು.

ಆ ದಿನ ನನ್ನ ಲೆಕ್ಕಗಳು ಮುಗಿದ ಮೇಲೆ ಅಕ್ಕ ಮೊರವನ್ನು ಪಕ್ಕಕ್ಕಿಟ್ಟು, "ಹಾಗಾದರೆ ನನ್ನ ಮದುವೆಗೆ ಎಷ್ಟು ಬರುತ್ತೋ?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಅವಳೇ ಹೇಳಿದಳು: "ನಿಮ್ಮ ಭಾವನ ಕಡೆಯಿಂದ ನೂರಕ್ಕೆ ನೂರು ಕಣೋ. ಅವರು ಕೇಳಿದ್ದೆಲ್ಲ ನನಗೆ ಬರುತ್ತಿತ್ತು. ನನ್ನ ಕಡೆಯದು ಸೊನ್ನೆ ಅಂತಲೂ ಹೇಳೋಕಾಗಲ್ಲ. ಕಾಗದವೇ ಖಾಲಿ. ಅವರೇನೂ ಕೆಟ್ಟವರಲ್ಲ, ಅದು ಬೇರೆ ಮಾತು." ಇಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈಹಾಕಿದಳು.

ಮೂವತ್ತೈದು ವರ್ಷ ಸೊನ್ನೆಯ ಮಹತ್ವವನ್ನು ಪಾಠ ಮಾಡಿದವನು ನಾನು. ಆದರೆ ಸೊನ್ನೆಗೂ ಖಾಲಿಗೂ ಇರುವ ಅಂತರವನ್ನು ಅಷ್ಟು ಸ್ಪಷ್ಟವಾಗಿ ಹೇಳಿದವರನ್ನು ಕಂಡಿರಲಿಲ್ಲ. ಸೊನ್ನೆಯೂ ಒಂದು ಉತ್ತರವೇ, ಕೇಳಿದ್ದಾರೆ, ಇಲ್ಲವೆಂದಿದ್ದಾರೆ. ಖಾಲಿಯೆಂದರೆ ಯಾರೂ ಕೇಳಲೇ ಇಲ್ಲ. ಅಂಥಲ್ಲಿ ಸೂತ್ರವನ್ನು ಹಚ್ಚುವುದಾದರೂ ಹೇಗೆ? ಅಕ್ಕ ತೀರಿಕೊಂಡು ಏಳು ವರ್ಷಗಳಾದವು. ಭಾವನವರ ಜೊತೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಸಂಸಾರ ಮಾಡಿದಳು, ಮೂರು ಹೆಣ್ಣುಮಕ್ಕಳನ್ನೂ ಕಾಲೇಜಿಗೆ ಕಳುಹಿಸಿದಳು. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ.

ಹಾಗೆಂದು ಸೂತ್ರವೇ ಸರ್ವಸ್ವವಲ್ಲ. ಮೊಮ್ಮಗಳೇ ಹೇಳಿದಂತೆ, ಶೇಕಡಾ 96 ಹೊಂದಾಣಿಕೆ ತೋರಿಸಿದ ಹುಡುಗನೊಡನೆ ಅರ್ಧ ಗಂಟೆ ಮಾತನಾಡುವಷ್ಟರಲ್ಲಿ ಅವಳಿಗೆ ಆಕಳಿಕೆ ಬಂದಿತಂತೆ. 2012ರಲ್ಲಿ ಅವಳು ಕೈಹಿಡಿದ ಹುಡುಗನೊಡನೆ ಬಂದಿದ್ದದ್ದು 81. ಸೂತ್ರ ಮಾಡಿದವರು ಸಹ ತಮ್ಮ ಅಂಕಿಅಂಶಗಳನ್ನು ನೋಡಿ 2011ರಲ್ಲಿ ಒಂದು ತಮಾಷೆಯ ಸಂಗತಿಯನ್ನು ಪ್ರಕಟಿಸಿದ್ದರು. ಬಹುಕಾಲ ಜೊತೆಯಾಗಿ ನಿಂತ ಜೋಡಿಗಳಲ್ಲಿ ಉತ್ತರಗಳು ಹೆಚ್ಚಾಗಿ ಕೂಡಿಬಂದ ಪ್ರಶ್ನೆಗಳು ದೇವರನ್ನೋ ರಾಜಕೀಯವನ್ನೋ ಕುರಿತವಲ್ಲ. ಭಯಾನಕ ಸಿನಿಮಾಗಳು ಇಷ್ಟವೇ? ಒಂಟಿಯಾಗಿ ಪರದೇಶ ಸುತ್ತಿದ್ದೀರಾ? ಎಲ್ಲವನ್ನೂ ಬಿಟ್ಟು ಹಾಯಿದೋಣಿಯಲ್ಲಿ ಬದುಕುವುದು ಮೋಜಲ್ಲವೇ? ಇಂಥ ಪ್ರಶ್ನೆಗಳು. ಯಾವ ಪಂಡಿತನೂ ಇವನ್ನು ಪ್ರಶ್ನೆಪತ್ರಿಕೆಯಲ್ಲಿ ಮುಖ್ಯವೆಂದು ಇಡುತ್ತಿರಲಿಲ್ಲ.

ಇನ್ನು ಈ ಸಾಹಸದ ಉತ್ತರಾರ್ಧ. 2010ರಲ್ಲಿ ಓಕೆಕ್ಯುಪಿಡ್‌ನವರು, ಸಂಗಾತಿಯನ್ನು ಹುಡುಕಲು ಎಂದಿಗೂ ಹಣ ಕೊಡಬೇಡಿ ಎಂಬ ಅರ್ಥದ ಲೇಖನವನ್ನು ಪ್ರಕಟಿಸಿದರು. ಚಂದಾ ತಾಣಗಳಲ್ಲಿ ಕಾಣುವ ಬಹುತೇಕ ವ್ಯಕ್ತಿಗಳು ಚಂದಾ ಕಟ್ಟಿದವರಲ್ಲ, ಆದ್ದರಿಂದ ಅವರು ಉತ್ತರಿಸಲಾರರು, ನಿಮ್ಮ ಹಣ ವ್ಯರ್ಥ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಮ್ಯಾಚ್ ಡಾಟ್ ಕಾಮ್‌ನ ಒಡೆಯರೇ 5 ಕೋಟಿ ಡಾಲರು ಕೊಟ್ಟು ಓಕೆಕ್ಯುಪಿಡ್ಡನ್ನು ಕೊಂಡರು. ಆ ಲೇಖನ ಮಾಯವಾಯಿತು. 2012ರಲ್ಲಿ ನಾಲ್ವರಲ್ಲಿ ಒಬ್ಬರಾದ ಯೇಗನ್ ಮ್ಯಾಚ್ ಸಂಸ್ಥೆಯ ಮುಖ್ಯಸ್ಥರೇ ಆದರು. ಕೋಟೆಗೆ ಲಗ್ಗೆಯಿಟ್ಟವನೇ ಕಿಲ್ಲೇದಾರನಾದ ಹಾಗೆ! ಕೆನಡಾದ ವ್ಯಾಂಕೂವರಿನಲ್ಲಿ ಮಾರ್ಕಸ್ ಫ್ರಿಂಡ್ ಎಂಬಾತ 2003ರಲ್ಲಿ ಒಬ್ಬನೇ ಕುಳಿತು ಕಟ್ಟಿದ 'ಪ್ಲೆಂಟಿ ಆಫ್ ಫಿಶ್' ಎಂಬ ಉಚಿತ ತಾಣವೂ 2015ರಲ್ಲಿ 57.5 ಕೋಟಿ ಡಾಲರಿಗೆ ಅದೇ ಬಳಗ ಸೇರಿತು. ಅಳಿಸಿಹಾಕಲೆಂದೇ ರೂಪಿಸಿದ್ದು ಎಂದು ತನ್ನನ್ನು ಬಣ್ಣಿಸಿಕೊಳ್ಳುವ ಹಿಂಜ್ ಕೂಡ 2018-19ರಲ್ಲಿ ಅಲ್ಲಿಗೇ ಹೋಯಿತು.

'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆ ನಿಮಗೆ ಗೊತ್ತು. ಓಕೆಕ್ಯುಪಿಡ್ ಅದನ್ನೂ ಪರೀಕ್ಷಿಸಿ ನೋಡಿತ್ತೆಂದು 2014ರಲ್ಲಿ ರಡರ್ ಅವರೇ ಬರೆದರು. ನಿಜವಾಗಿ ಶೇಕಡಾ 30ರಷ್ಟು ಮಾತ್ರ ಹೊಂದುವ ಜೋಡಿಗಳಿಗೆ, ನಿಮ್ಮದು 90 ಎಂದು ಸುಳ್ಳು ಹೇಳಿದ್ದರಂತೆ. ಸುಳ್ಳು ಕೇಳಿದವರು ಒಬ್ಬರಿಗೊಬ್ಬರು ಹೆಚ್ಚು ಪತ್ರ ಬರೆದುಕೊಂಡರು. ಆದರೂ ನಿಜವಾಗಿ 90 ಇದ್ದು, 90 ಎಂದೇ ತಿಳಿದವರ ಮಾತುಕತೆಯೇ ಎಲ್ಲಕ್ಕಿಂತ ಚೆನ್ನಾಗಿ ಸಾಗಿತು. ಗಾದೆಯಲ್ಲಿ ಅರ್ಧ ಸತ್ಯವಿದೆಯೆಂದಾಯಿತು. ಆದರೆ ಯಾರನ್ನೂ ಕೇಳದೆ ಅವರ ಮೇಲೆ ಇಂಥ ಪ್ರಯೋಗ ಮಾಡಿದ್ದು ನನಗೆ ಹಿಡಿಸಲಿಲ್ಲ. ಎರಡು ಕಡೆಯವರನ್ನೂ ಕೇಳಬೇಕೆಂದು ಸೂತ್ರ ಕಟ್ಟಿದವರು, ಈ ಒಂದು ಸಂಗತಿಯಲ್ಲಿ ಯಾರನ್ನೂ ಕೇಳಲಿಲ್ಲ.

ಸಣ್ಣವರು ಎದ್ದಾಗಲೆಲ್ಲ ದೊಡ್ಡವರು ನುಂಗುವುದಕ್ಕೆ ಕಾರಣವನ್ನೂ ಲೆಕ್ಕದಿಂದಲೇ ನೋಡೋಣ. ನಮ್ಮ ಕಾಲದ ಮದುವೆ ದಲ್ಲಾಳಿಗೆ ಸಂಬಂಧ ಕುದುರಿದಾಗ ಪಂಚೆ, ಶಲ್ಯ, ದಕ್ಷಿಣೆ. ಕುದುರದಿದ್ದರೆ ಒಂದು ಲೋಟ ಕಾಫಿ. ಅವನು ಸುಳ್ಳು ಹೇಳುತ್ತಿದ್ದನೇನೋ ನಿಜ, ಆದರೆ ಅವನ ಲಾಭ ಮದುವೆಯಾಗುವುದರಲ್ಲಿತ್ತು. ಚಂದಾ ತಾಣದ ಲಾಭ ಹುಡುಕಾಟ ಮುಂದುವರಿಯುವುದರಲ್ಲಿದೆ. ಒಂದು ಜೋಡಿ ಕೂಡಿದ ದಿನ ಅದು ಇಬ್ಬರು ಗಿರಾಕಿಗಳನ್ನು ಕಳೆದುಕೊಳ್ಳುತ್ತದೆ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಜನರನ್ನು ದಾರಿತಪ್ಪಿಸಿ ಚಂದಾ ಕಟ್ಟಿಸಿಕೊಂಡಿರೆಂದು ಮ್ಯಾಚ್ ಸಂಸ್ಥೆಯ ಮೇಲೆ ದಾವೆ ಹೂಡಿತು. 2025ರಲ್ಲಿ 1.4 ಕೋಟಿ ಡಾಲರು ಕೊಡಲು ಒಪ್ಪಿ ಸಂಸ್ಥೆಯು ಆ ವ್ಯಾಜ್ಯವನ್ನು ಮುಗಿಸಿಕೊಂಡಿತು.

ನಮ್ಮ ದೇಶದಲ್ಲಿಯೂ ದೊಡ್ಡ ಸಂಸ್ಥೆಯೊಂದು ಸಣ್ಣ ಸಮುದಾಯದಿಂದಲೇ ಹುಟ್ಟಿತು. ಭಾರತ್ ಮ್ಯಾಟ್ರಿಮೊನಿಯ ಸ್ಥಾಪಕರಾದ ಮುರುಗವೇಲ್ ಜಾನಕಿರಾಮನ್ ಅಮೆರಿಕದಲ್ಲಿದ್ದಾಗ ತಮಿಳರಿಗಾಗಿ ಒಂದು ತಾಣ ನಡೆಸುತ್ತಿದ್ದರು. ಅದರಲ್ಲಿ ವಧುವರರ ವಿಭಾಗಕ್ಕೆ ಜನ ಮುಗಿಬಿದ್ದದ್ದನ್ನು ಕಂಡು ಅದನ್ನೇ ಬೆಳೆಸಿದರು. ಆದರೆ ಒಂದು ಮಾತು. 'ಕಮ್ಯುನಿಟಿ' ಎಂದರೆ ಅಲ್ಲಿ ಕೂಡಿ ಪ್ರಶ್ನೆ ಬರೆದವರು. ನಮ್ಮ ವಧುವರ ತಾಣಗಳಲ್ಲಿ ಆ ಪದಕ್ಕೆ ಜಾತಿಯೆಂದೇ ಅರ್ಥ. ವಿವರಗಳನ್ನು ತುಂಬಿದವರು ಯಾರು, ಸ್ವತಃ ಅಭ್ಯರ್ಥಿಯೇ, ತಂದೆತಾಯಿಯೇ ಎಂದು ಕೇಳುವ ಒಂದು ಅಂಕಣವೂ ಇಲ್ಲಿರುತ್ತದೆ. ಯಂತ್ರ ಹೊಸದಾದರೂ ಉತ್ತರ ಬರೆಯುವ ಕೈ ಹಲವೆಡೆ ಹಳೆಯದೇ.

ಹಾಲಿನ ಡೇರಿಯ ಮುಂದೆ ಬೆಳಿಗ್ಗೆ ಸರತಿಯಲ್ಲಿ ನಿಂತವರನ್ನು ನೋಡಿದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಹಾಲು ಹಾಕುವವರೇ ಆ ಸಂಘದ ಸದಸ್ಯರು, ಆದ್ದರಿಂದ ಅದನ್ನು ಯಾರೋ ನಾಲ್ವರು ಮಾರಿಬಿಡಲಾರರು. ಓಕೆಕ್ಯುಪಿಡ್‌ನ ನಿಜವಾದ ಸಂಪತ್ತು ಲಕ್ಷಾಂತರ ಜನ ಬರೆದ ಪ್ರಶ್ನೆಗಳೂ ಉತ್ತರಗಳೂ. ಹಾಲು ಹಾಕಿದವರು ಅವರು, ಪಾತ್ರೆ ಮಾತ್ರ ಬೇರೆಯವರದಾಗಿತ್ತು. ಮುಂದೆ ಇಂಥ ನವೋದ್ಯಮ ಕಟ್ಟಲು ಹೊರಡುವ ನನ್ನ ಶಿಷ್ಯರು ಯಾರಾದರೂ ಇದ್ದರೆ ಪಾತ್ರೆಯ ವಿಷಯವನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಲಿ. ಆದರೆ ತಾಣ ಯಾರ ಪಾಲಾದರೂ ಸೂತ್ರ ಯಾರ ಪಾಲೂ ಆಗಲಾರದು. ವರ್ಗಮೂಲವನ್ನು ಯಾರೂ ಕೊಂಡುಕೊಳ್ಳಲಾರರು.

ನನ್ನ ಬಳಿ ಈಗಲೂ ಸಂಬಂಧ ಕೇಳಿಕೊಂಡು ಬರುವವರಿದ್ದಾರೆ. "ಆ ಹುಡುಗಿ ನಿಮ್ಮ ಶಿಷ್ಯನ ಮಗಳಲ್ಲವೇ, ಒಂದು ಮಾತು ಹೇಳಿ" ಎನ್ನುತ್ತಾರೆ. ಅವರಿಗೆ ನಾನು ಎರಡು ಬಿಳಿ ಹಾಳೆಗಳನ್ನು ಕೊಡುತ್ತೇನೆ. ಒಂದು ಹುಡುಗನಿಗೆ, ಒಂದು ಹುಡುಗಿಗೆ. ಪ್ರಶ್ನೆಗಳನ್ನು ಅವರವರೇ ಬರೆಯಬೇಕು, ತೂಕವನ್ನೂ ಅವರೇ ಹಾಕಬೇಕು, ಬರೆಯುವಾಗ ಹಿರಿಯರು ಪಕ್ಕದಲ್ಲಿ ಕೂರಬಾರದು. ಕೆಲವರು ಹಾಳೆಗಳನ್ನು ಮಡಿಸಿ ಜೇಬಿಗಿಟ್ಟು ಹೋದವರು ಮತ್ತೆ ಬರುವುದಿಲ್ಲ. ತುಂಬಿ ತಂದವರೂ ಉಂಟು. ಕಳೆದ ವರ್ಷ ಒಬ್ಬ ಹುಡುಗಿ ಒಂದೇ ಒಂದು ಪ್ರಶ್ನೆ ಬರೆದು 250 ಅಂಕ ಹಾಕಿದ್ದಳು: "ನನ್ನ ತಾಯಿ ವಿಧವೆ. ಅವರು ನಮ್ಮ ಜೊತೆ ಇರಬಹುದೇ?" ಹುಡುಗನ ಮನೆಯವರು ಎರಡು ವಾರ ಯೋಚಿಸಿ, ಆಗುವುದಿಲ್ಲವೆಂದರು. ಆ ಸಂಬಂಧ ಅಲ್ಲಿಗೇ ನಿಂತಿತು. ಹುಡುಗಿಯ ತಾಯಿ ನನ್ನ ಮೇಲೆ ಬೇಸರಗೊಂಡರು. ಹುಡುಗಿ ಬೇಸರಗೊಳ್ಳಲಿಲ್ಲ.

ಮಕ್ಕಳು ಫೋನಿನಲ್ಲಿ ಹುಡುಕಲಿ, ಸೋದರಮಾವ ಹುಡುಕಲಿ, ಜೋಯಿಸರು ಹುಡುಕಲಿ, ನನ್ನ ಅಭ್ಯಂತರವಿಲ್ಲ. ಲೆಕ್ಕ ಮಾತ್ರ ಎರಡು ಕಡೆಯದಾಗಿರಲಿ, ಕೂಡದೆ ಗುಣಿಸಿ. ಅದಕ್ಕೂ ಮೊದಲು ಇಬ್ಬರ ಹಾಳೆಯಲ್ಲಿಯೂ ಏನಾದರೂ ಬರೆದಿದೆಯೇ ಎಂದು ನೋಡಿ.